ರಾಮಾಚಾರಿಯ ಊರಿನಲ್ಲಿ ಒಂದು ವೀಕ್ಲಿ ಆಫ್

ಶನಿವಾರ ರಾತ್ರಿ ಹತ್ತಕ್ಕೆ ಸೆಕೆಂಡ್ ಶಿಫ್ಟ್ ಮುಗಿದ ಮೇಲೆ ರೂಮಿಗೆ ಹೋಗಿ ಮುಸುಕು ಹೊದ್ದು ಮಲಗುವವನು ಬುದ್ಧಿವಂತ. ಕೈಯ ಎಣ್ಣೆ ಜಿಡ್ಡನ್ನೂ ಸರಿಯಾಗಿ ತೊಳೆಯದೆ ಗೊರಗುಂಟೆಪಾಳ್ಯಕ್ಕೆ ಓಡಿ ಚಿತ್ರದುರ್ಗದ ಬಸ್ಸಿಗೆ ಕೈ ಅಡ್ಡ ಹಾಕುವವನು ಸಿನಿಮಾ ಹುಚ್ಚ. ನಾನು ಎರಡನೆಯವನು. ನೀವೂ ಅದೇ ಪೈಕಿ ಇರಬೇಕು. ಇಲ್ಲದಿದ್ದರೆ ಬಸ್ ಸ್ಟ್ಯಾಂಡಿನಲ್ಲಿ ನಿಂತು ಈ ಪತ್ರಿಕೆ ಯಾಕೆ ಕೊಳ್ಳುತ್ತಿದ್ದಿರಿ ಸ್ವಾಮಿ?

ನಾನು ಪೀಣ್ಯದ ಒಂದು ಫ್ಯಾಕ್ಟರಿಯಲ್ಲಿ ಲೇತ್ ಆಪರೇಟರ್. ಊರು ಮಾಗಡಿ ಕಡೆ. ವಾರಕ್ಕೆ ಆರು ದಿನ ಕಬ್ಬಿಣ ತಿರುಗಿಸುತ್ತೇನೆ, ಏಳನೇ ದಿನ ನಾನು ತಿರುಗುತ್ತೇನೆ. ನಮ್ಮಲ್ಲಿ ಮೆಷಿನ್ ನಿಲ್ಲಿಸುವ ಮಾತೇ ಇಲ್ಲ. ಬೆಳಿಗ್ಗೆ ಆರರಿಂದ ಎರಡು, ಎರಡರಿಂದ ರಾತ್ರಿ ಹತ್ತು, ಹತ್ತರಿಂದ ಮತ್ತೆ ಬೆಳಿಗ್ಗೆ ಆರು. ವೀಕ್ಲಿ ಆಫ್ ಕೂಡ ಸರದಿಯ ಮೇಲೆ. ಆ ವಾರ ನನ್ನ ಪುಣ್ಯಕ್ಕೆ ಭಾನುವಾರವೇ ಸಿಕ್ಕಿತ್ತು. ಸೋಮವಾರ ಬೆಳಿಗ್ಗೆ ಆರಕ್ಕೆ ಫಸ್ಟ್ ಶಿಫ್ಟ್. ಅಂದರೆ ಕೈಯಲ್ಲಿದ್ದದ್ದು ಒಟ್ಟು ಮೂವತ್ತೆರಡು ಗಂಟೆ. ಅಷ್ಟರಲ್ಲಿ ಹೋಗಬೇಕು, ನೋಡಬೇಕು, ತಿನ್ನಬೇಕು, ಬರಬೇಕು. ನಿದ್ದೆ ಬಸ್ಸಿನಲ್ಲಿ!

ಯಾಕೆ ದುರ್ಗ? ಅದನ್ನೂ ಹೇಳಬೇಕೇ? 'ನಾಗರಹಾವು' ನೋಡಿದವರು ಕೇಳುವುದಿಲ್ಲ. 1972ರಲ್ಲಿ ಪುಟ್ಟಣ್ಣ ಕಣಗಾಲರು ತ.ರಾ.ಸು. ಅವರ ಮೂರು ಕಾದಂಬರಿಗಳನ್ನು ಸೇರಿಸಿ ತೆಗೆದ ಚಿತ್ರ. ಸಂಪತ್ ಕುಮಾರ್ ಎಂಬ ಹುಡುಗ ಅದರಲ್ಲಿ ವಿಷ್ಣುವರ್ಧನ್ ಆಗಿ ನಾಯಕನಾದ. ಜಲೀಲನಾಗಿ ಬಂದ ಅಂಬರೀಶ್ ಅದರಲ್ಲೇ ಮೊದಲು ಬೆಳ್ಳಿತೆರೆಗೆ ಕಾಲಿಟ್ಟರು. ಅದು ಬಂದಾಗ ನಾನು ಹುಟ್ಟಿರಲಿಲ್ಲ. ಆದರೂ 2018ರಲ್ಲಿ ಹೊಸ ಶಬ್ದ, ಹೊಸ ಬಣ್ಣದಲ್ಲಿ ಮತ್ತೆ ತೆರೆಗೆ ಬಂದಾಗ ಮೂರು ಸಲ ನೋಡಿದೆ. ಮೂರು ಸಲವೂ ಮನಸ್ಸಿನಲ್ಲಿ ಉಳಿದದ್ದು ನಾಯಕನಲ್ಲ, ನಾಯಕಿಯಲ್ಲ, ಆ ಬಂಡೆಗಳು! ಒಂದು ಬಂಡೆಯ ಮೇಲೆ ಇನ್ನೊಂದು ಬಂಡೆ, ಅದರ ಸಂದಿಯಲ್ಲಿ ಕಲ್ಲಿನ ಗೋಡೆ, ಗೋಡೆಯ ಮೇಲೆ ಆಕಾಶ. ಆವತ್ತೇ ಅಂದುಕೊಂಡಿದ್ದೆ, ಒಂದು ದಿನ ಆ ಬಂಡೆಯ ಮೇಲೆ ನಿಂತು ಒಂದು ಶಿಳ್ಳೆ ಹೊಡೆಯಬೇಕು ಅಂತ.

ಬಸ್ಸು ನೆಲಮಂಗಲ ದಾಟಿತು. ಕಿಟಕಿಯ ಗಾಳಿ ತಣ್ಣಗೆ. ಪಕ್ಕದವರು ಗೊರಕೆ ಶುರು ಮಾಡಿದರು. ನನಗೆ ಮಾತ್ರ ನಿದ್ದೆ ಬರಲಿಲ್ಲ. ಕಾರಣ ಗೊರಕೆಯಲ್ಲ. ದುರ್ಗದ ಹೆಸರು ಕೇಳಿದಾಗೆಲ್ಲ ನನಗೆ ಚುಚ್ಚುವ ಒಂದು ಮುಳ್ಳಿದೆ. ಅದನ್ನು ಮೊದಲು ಕಿತ್ತು ನಿಮ್ಮ ಮುಂದೆ ಇಟ್ಟುಬಿಡುತ್ತೇನೆ.

ಒಂದು ಜ್ವರದ ಕಥೆ

ನಮ್ಮ ಮೆಷಿನ್ನಿಗೆ ನಾನೊಬ್ಬನೇ ಅಲ್ಲ, ಇನ್ನೊಬ್ಬ ಹಿರಿಯ ಆಪರೇಟರ್ ಇದ್ದಾರೆ. ನಾನು ಅಣ್ಣ ಅಂತಲೇ ಕರೆಯುವುದು. ದುರ್ಗದ ಪಕ್ಕದ ಹಳ್ಳಿಯವರು. ಹೆಂಡತಿ, ಮಗಳು ಊರಿನಲ್ಲಿ. ಅಣ್ಣ ಇಲ್ಲಿ ಒಂದು ಕೋಣೆ ಮಾಡಿಕೊಂಡು ತಿಂಗಳಿಗೊಮ್ಮೆಯೋ ಎರಡು ಸಲವೋ ಊರಿಗೆ ಹೋಗಿಬರುತ್ತಾರೆ. ಅವರದು ನೈಟ್ ಶಿಫ್ಟ್ ಇದ್ದು ನನ್ನದು ಫಸ್ಟ್ ಶಿಫ್ಟ್ ಇದ್ದರೆ ಬೆಳಿಗ್ಗೆ ಆರಕ್ಕೆ ನಾನು ಹೋಗಿ ನಿಂತ ಮೇಲೇ ಅವರು ಮೆಷಿನ್ ಬಿಡಬೇಕು. ನಮ್ಮ ಭಾಷೆಯಲ್ಲಿ ನಾನು ಅವರ ರಿಲೀವರ್.

ಹೋದ ವರ್ಷ ನವೆಂಬರಿನ ಒಂದು ಶುಕ್ರವಾರ ಒಂದು ದೊಡ್ಡ ಪಿಕ್ಚರ್ ಬಿಡುಗಡೆ. ಬೆಳಿಗ್ಗೆ ಆರೂವರೆಗೇ ಅಭಿಮಾನಿಗಳ ಶೋ. ಕಟೌಟಿಗೆ ಹಾಲು, ಹೂವಿನ ಹಾರ, ತಮಟೆ... ಹೋಗದಿದ್ದರೆ ಅಭಿಮಾನಿ ಅಂತ ಹೇಗೆ ಹೇಳಿಕೊಳ್ಳುವುದು? ರಜೆ ಕೇಳಿದರೆ ಸಿಗುವುದಿಲ್ಲ ಅಂತ ಗೊತ್ತು. ಬೆಳಿಗ್ಗೆ ಐದಕ್ಕೆ ಸೂಪರ್‌ವೈಸರಿಗೆ ಫೋನ್ ಮಾಡಿ ಮೂಗು ಕಟ್ಟಿದ ದನಿಯಲ್ಲಿ, "ಸಾರ್, ರಾತ್ರಿಯಿಂದ ಜ್ವರ" ಅಂದೆ. ಫೋನ್ ಇಟ್ಟವನೇ ಥಿಯೇಟರಿಗೆ ಓಡಿದೆ. ಕುಣಿದದ್ದೇನು, ಕಾಗದ ಚೂರು ಎರಚಿದ್ದೇನು! ಗಂಟಲು ನಿಜವಾಗಿಯೂ ಕಟ್ಟಿತು.

ಮರುದಿನ ಕೆಲಸಕ್ಕೆ ಹೋದರೆ ನಾನು ಕುಣಿದ ವಿಡಿಯೋ ನನಗಿಂತ ಮೊದಲೇ ಫ್ಯಾಕ್ಟರಿಗೆ ಬಂದು ಕೂತಿತ್ತು. ಅಣ್ಣ ಮೆಷಿನ್ ಒರೆಸುತ್ತಾ ತಲೆಯೆತ್ತದೆ ಕೇಳಿದರು.

"ಪಿಕ್ಚರ್ ಹೆಂಗಿತ್ತಪ್ಪ?"

"ಸೂಪರ್ ಅಣ್ಣ" ಅಂದೆ ಹಲ್ಲು ಬಿಟ್ಟುಕೊಂಡು.

"ಆಯ್ತು ಬಿಡು" ಅಂದರು. ಅಷ್ಟೇ.

ಒಂದು ವಾರದ ಮೇಲೆ ಕ್ಯಾಂಟೀನಿನಲ್ಲಿ ಬೇರೆಯವರ ಬಾಯಿಂದ ಗೊತ್ತಾಯಿತು. ಆ ಶುಕ್ರವಾರ ಮಧ್ಯಾಹ್ನ ಮೂರಕ್ಕೆ ಅವರ ಮಗಳ ಶಾಲೆಯಲ್ಲಿ ಕಾರ್ಯಕ್ರಮ. ನವೆಂಬರ್ 11 ಒನಕೆ ಓಬವ್ವ ಜಯಂತಿ. 2021ರಿಂದ ಸರ್ಕಾರವೇ ಆಚರಿಸುತ್ತಿದೆ. ಆ ವಾರದಲ್ಲಿ ಶಾಲೆಯವರು ನಾಟಕ ಇಟ್ಟುಕೊಂಡಿದ್ದರು. ಮೂರನೇ ಕ್ಲಾಸಿನ ಆ ಮಗು ಓಬವ್ವನ ಪಾತ್ರ. ಅಣ್ಣ ಬೆಳಿಗ್ಗೆ ಆರಕ್ಕೆ ಬಿಟ್ಟು ಏಳರ ಬಸ್ಸು ಹಿಡಿದಿದ್ದರೆ ಹನ್ನೆರಡರೊಳಗೆ ಊರು ಸೇರುತ್ತಿದ್ದರು. ಬ್ಯಾಗನ್ನೂ ಜೊತೆಯಲ್ಲೇ ತಂದಿದ್ದರಂತೆ. ಆದರೆ ರಿಲೀವರ್ ಬರಲಿಲ್ಲ. ರಿಲೀವರಿಗೆ ಜ್ವರ! ಸೂಪರ್‌ವೈಸರ್ ಬಿಡಲಿಲ್ಲ. ರಾತ್ರಿ ಹತ್ತಕ್ಕೆ ನಿಂತವರು ಮರುದಿನ ಮಧ್ಯಾಹ್ನ ಎರಡರವರೆಗೆ ಹದಿನಾರು ಗಂಟೆ ಅದೇ ಮೆಷಿನ್ ಮುಂದೆ ನಿಂತರು. ಎರಡಕ್ಕೆ ಪೀಣ್ಯ ಬಿಟ್ಟವನು ಮೂರಕ್ಕೆ ದುರ್ಗ ಮುಟ್ಟಲು ಅವನಿಗೆ ರೆಕ್ಕೆ ಇರಬೇಕು.

ಅಣ್ಣ ಒಂದು ಮಾತು ಬೈದಿದ್ದರೆ ಚೆನ್ನಾಗಿತ್ತು. ಬೈಯಲಿಲ್ಲ. ನಾನೂ ಕ್ಷಮೆ ಕೇಳಲಿಲ್ಲ. ಕೇಳಬೇಕು ಅಂದುಕೊಂಡಾಗೆಲ್ಲ ನಾಲಿಗೆ ಒಣಗುತ್ತಿತ್ತು. ಹೀಗೇ ಹನ್ನೊಂದು ತಿಂಗಳು ಕಳೆಯಿತು. ಈ ಅಕ್ಟೋಬರಿನಲ್ಲಿ ಒಂದು ದಿನ ಅವರೇ, "ರಾಮಾಚಾರಿ ಫ್ಯಾನು ಅಂತೀಯ, ನಮ್ ದುರ್ಗಾನೇ ನೋಡಿಲ್ಲ ಅಂತೀಯ. ಹೋಗಿ ಬಾರಪ್ಪ ಒಂದ್ಸಲ, ನಿನ್ನ ಆಫ್ ಇದ್ದಾಗ" ಅಂದರು. 'ನಿನ್ನ ಆಫ್ ಇದ್ದಾಗ' ಅನ್ನುವ ಮಾತನ್ನು ಅವರು ಒತ್ತಿ ಹೇಳಲಿಲ್ಲ. ಕೇಳಿಸಿದ್ದು ಮಾತ್ರ ಒತ್ತಿದ ಹಾಗೇ!

ಬಾಗಿಲ ಮೇಲೆ ಬಾಗಿಲು

ತುಮಕೂರು, ಶಿರಾ, ಹಿರಿಯೂರು... ಅರೆನಿದ್ದೆಯಲ್ಲಿ ಊರುಗಳು ಹಿಂದೆ ಸರಿದವು. ಬೆಂಗಳೂರಿನಿಂದ ದುರ್ಗಕ್ಕೆ ಸುಮಾರು ಇನ್ನೂರು ಕಿಲೋಮೀಟರ್. ಹೆದ್ದಾರಿ ಚೆನ್ನಾಗಿದೆ. ಬೆಳಗಿನ ಜಾವ ಮೂರೂವರೆಗೆ ಕಂಡಕ್ಟರ್ ಸಾಹೇಬರು ಭುಜ ತಟ್ಟಿ, "ದುರ್ಗ ಬಂತು ಇಳೀರಿ ಸಾರ್" ಅಂದರು. ಬಸ್ ನಿಲ್ದಾಣದ ಬೆಂಚಿನ ಮೇಲೆ ಬ್ಯಾಗನ್ನೇ ದಿಂಬು ಮಾಡಿಕೊಂಡು ಎರಡು ಗಂಟೆ ಮಲಗಿದೆ. ಸೊಳ್ಳೆಗಳು ನನ್ನನ್ನು ಆದರದಿಂದ ಬರಮಾಡಿಕೊಂಡವು. ಐದೂವರೆಗೆ ಮುಖ ತೊಳೆದು, ಒಂದು ಟೀ ಕುಡಿದು, ಕೋಟೆಯ ಕಡೆ ನಡೆದೇ ಹೊರಟೆ.

ಮುಂಬೆಳಕಿನಲ್ಲಿ ಬೆಟ್ಟ ಕಾಣಿಸಿತು ನೋಡಿ! ಎದೆ ಧಸಕ್ ಅಂತು. ತೆರೆಯ ಮೇಲೆ ಕಂಡದ್ದು ಕಾಲು ಭಾಗವೂ ಅಲ್ಲ. ಬೆಟ್ಟ ಯಾವುದು, ಮನುಷ್ಯ ಕಟ್ಟಿದ ಗೋಡೆ ಯಾವುದು ಅಂತ ಬೇರೆ ಮಾಡುವುದೇ ಕಷ್ಟ. ಬಂಡೆ ಎಲ್ಲಿ ನಿಲ್ಲುತ್ತದೋ ಅಲ್ಲಿಂದ ಗೋಡೆ ಶುರು, ಗೋಡೆ ಎಲ್ಲಿ ಮುಗಿಯುತ್ತದೋ ಅಲ್ಲಿಂದ ಬಂಡೆ. ಏಳು ಸುತ್ತಿನ ಕೋಟೆ ಅಂತ ಸುಮ್ಮನೆ ಅನ್ನುವುದಿಲ್ಲ.

ಆರಕ್ಕೆ ಬಾಗಿಲು ತೆಗೆದರು. ಟಿಕೆಟ್ ತೆಗೆದುಕೊಂಡು ಒಳಗೆ ಕಾಲಿಟ್ಟರೆ ಗೋಡೆಯ ಮೇಲೆ ಮೊದಲು ಕಣ್ಣಿಗೆ ಬಿದ್ದದ್ದೇ ಕಲ್ಲಿನಲ್ಲಿ ಕೆತ್ತಿದ ಹಾವು! ಟೈಟಲ್ ಕಾರ್ಡ್ ಅಂದರೆ ಇದು ಅಂತ ನಾನೊಬ್ಬನೇ ನಕ್ಕೆ. ಕಾವಲಿನವರು ಒಮ್ಮೆ ಅನುಮಾನದಿಂದ ನೋಡಿದರು.

ಒಂದು ಬಾಗಿಲು ದಾಟಿದರೆ ದಾರಿ ಎಡಕ್ಕೆ ತಿರುಗುತ್ತದೆ, ಇನ್ನೊಂದು ದಾಟಿದರೆ ಬಲಕ್ಕೆ. ಎಲ್ಲೂ ನೆಟ್ಟಗೆ ಹೋಗುವ ಹಾಗಿಲ್ಲ. ಆನೆ ಓಡಿ ಬಂದು ಬಾಗಿಲಿಗೆ ಗುದ್ದಬಾರದು, ಶತ್ರು ಗುಂಪಾಗಿ ನುಗ್ಗಬಾರದು ಅಂತ ಬೇಕೆಂದೇ ಹಾಗೆ ತಿರುಗಿಸಿದ್ದಾರೆ. ಮುಂದೆ ಹೋದರೆ ಮದ್ದು ಬೀಸುವ ಕಲ್ಲುಗಳು. ನಮ್ಮ ಅಜ್ಜಿಯ ಬೀಸುವ ಕಲ್ಲನ್ನು ಆಳೆತ್ತರಕ್ಕೆ ಹಿಗ್ಗಿಸಿದ ಹಾಗೆ! ಒಂದು ತಗ್ಗಿನಲ್ಲಿ ನಾಲ್ಕು. ಅಲ್ಲಿ ಸಿಡಿಮದ್ದು ಅರೆಯುತ್ತಿದ್ದರಂತೆ. ನಾನು ಮೆಷಿನ್ ಮನುಷ್ಯ ನೋಡಿ, ಅದನ್ನು ಕಂಡ ತಕ್ಷಣ ಇಲ್ಲೂ ಶಿಫ್ಟ್ ಇದ್ದಿರಬೇಕು ಅನ್ನಿಸಿತು. ಯುದ್ಧದ ಕಾಲದಲ್ಲಿ ಮದ್ದು ಅರೆಯುವವನು ಭಾನುವಾರ ಅಂತ ಕೂತಾನೆಯೇ?

ಮೇಲೆ ಏಕನಾಥೇಶ್ವರಿ ಅಮ್ಮನ ಗುಡಿ. ಹಿಡಿಂಬೇಶ್ವರ, ಸಂಪಿಗೆ ಸಿದ್ಧೇಶ್ವರ. ಎದುರಿಗೆ ಎತ್ತರದ ದೀಪಸ್ತಂಭ, ಕಲ್ಲಿನ ಉಯ್ಯಾಲೆ ಕಂಬ. ಇಷ್ಟೆಲ್ಲ ಕತ್ತಿ, ಕೋವಿ, ಮದ್ದಿನ ನಡುವೆ ಉಯ್ಯಾಲೆಗೂ ಒಂದು ಜಾಗ ಬಿಟ್ಟಿದ್ದಾರಲ್ಲ ನಾಯಕರು! ದೇವರಿಗೇ ಆಗಲಿ, ಉಯ್ಯಾಲೆ ಉಯ್ಯಾಲೆಯೇ. ಹದಿನೆಂಟನೇ ಶತಮಾನದಲ್ಲಿ ಹೈದರಾಲಿ ಮತ್ತೆ ಮತ್ತೆ ಮುತ್ತಿದ ಕೋಟೆ ಇದು. ಕೊನೆಗೆ 1779ರಲ್ಲಿ ಮದಕರಿ ನಾಯಕನ ಕೈಯಿಂದ ಜಾರಿತು. ಆದರೂ ಆ ಉಯ್ಯಾಲೆ ಕಂಬ ಇವತ್ತಿಗೂ ನಿಂತಿದೆ. ಗೋಪಾಲಸ್ವಾಮಿ ಹೊಂಡದ ಮೆಟ್ಟಿಲ ಮೇಲೆ ಕೂತು, ಬ್ಯಾಗಿನಲ್ಲಿದ್ದ ಇಡ್ಲಿ ಪೊಟ್ಟಣ ಬಿಚ್ಚಿದೆ. ಒಂದು ಕೋತಿ ನನ್ನ ಎದುರಿಗೆ ಬಂದು, ಬಾಡಿಗೆ ವಸೂಲಿಗೆ ಬಂದ ಮನೆ ಮಾಲೀಕನ ಹಾಗೆ ಕೂತಿತು. ಎರಡು ಇಡ್ಲಿ ಕೊಟ್ಟು ರಾಜಿಯಾದೆ.

ಕಿಂಡಿಯ ಮುಂದೆ

ಬಿಸಿಲು ನೆತ್ತಿಗೇರುವ ಹೊತ್ತಿಗೆ ಓಬವ್ವನ ಕಿಂಡಿಗೆ ಬಂದೆ. ಹತ್ತಿರದಲ್ಲೇ ತಣ್ಣೀರು ದೋಣಿ. ಬಂಡೆಯ ಸಂದಿಯಲ್ಲಿ ತಣ್ಣಗೆ ನಿಂತ ನೀರು. ಕಿಂಡಿ ಅಂದರೆ ದೊಡ್ಡ ಸುರಂಗ ಅಂತ ಕಲ್ಪಿಸಿಕೊಂಡಿದ್ದೆ. ಅಲ್ಲ. ಬಂಡೆಗಳ ನಡುವೆ ಒಬ್ಬ ಮನುಷ್ಯ ಬಗ್ಗಿ, ಮೈ ಒತ್ತಿಕೊಂಡು ನುಸುಳುವಷ್ಟೇ ಜಾಗ. ನಾನೂ ನುಸುಳಿ ನೋಡಿದೆ. ಮೊದಲು ಹೊರಗೆ ಬರುವುದು ತಲೆ. ಆ ಗಳಿಗೆಯಲ್ಲಿ ಕೈಯೂ ಆಡುವುದಿಲ್ಲ, ಕಾಲೂ ಆಡುವುದಿಲ್ಲ. ಒನಕೆ ಹಿಡಿದ ಒಬ್ಬ ಹೆಂಗಸು ಇಲ್ಲಿ ನಿಂತರೆ ಸಾಕು ಅಂತ ಆಗ ಅರ್ಥವಾಯಿತು.

ಕಥೆ ನಿಮಗೆ ಗೊತ್ತು. ಚಿತ್ರದಲ್ಲಿ ಜಯಂತಿಯವರು ಓಬವ್ವನಾಗಿ ಬಂದದ್ದು ಕೆಲವೇ ನಿಮಿಷ. ಆದರೂ ಓಬವ್ವ ಅಂದರೆ ಇಂದಿಗೂ ಕಣ್ಣ ಮುಂದೆ ಬರುವುದು ಆ ಮುಖವೇ. ಈ ಭಾಗ ಕಾಯುತ್ತಿದ್ದವನು ಕಹಳೆ ಮುದ್ದ ಹನುಮ. ಮಧ್ಯಾಹ್ನ ಊಟಕ್ಕೆ ಮನೆಗೆ ಬಂದ. ಓಬವ್ವ ಬಡಿಸಿ ನೀರು ತರಲು ಹೋದಳು. ಕಿಂಡಿಯಲ್ಲಿ ಶತ್ರುಗಳ ಸದ್ದು. ಗಂಡನನ್ನು ಊಟದ ನಡುವೆ ಎಬ್ಬಿಸಲಿಲ್ಲ. ಒನಕೆ ತೆಗೆದುಕೊಂಡು ತಾನೇ ನಿಂತಳು. ಜನ ಬಾಯಿಂದ ಬಾಯಿಗೆ ಉಳಿಸಿಕೊಂಡು ಬಂದ ಐತಿಹ್ಯ ಇದು.

ಕಿಂಡಿಗೆ ಸ್ವಲ್ಪ ದೂರದಲ್ಲಿ ನೆರಳಿಗೆ ಒಬ್ಬ ತಾತ ಸೌತೆಕಾಯಿ ಬುಟ್ಟಿ ಇಟ್ಟುಕೊಂಡು ಕೂತಿದ್ದರು. ನಾನು ಹೋಗಿ, "ಒಂದು ಕೊಡಿ ತಾತ, ಉಪ್ಪು ಖಾರ ಹಾಕಿ" ಅಂದೆ. ಅಷ್ಟರಲ್ಲಿ ಒಬ್ಬ ಅಜ್ಜಿ ಕೈಯಲ್ಲಿ ಬಟ್ಟೆಗಂಟು ಹಿಡಿದು ಏದುಸಿರು ಬಿಡುತ್ತಾ ಮೇಲೆ ಬಂದರು. ತಾತ ಚಾಕು ಕೆಳಗಿಟ್ಟು ಎದ್ದರು. ಅಜ್ಜಿ ಗಂಟನ್ನು ಅವರ ಕೈಗೆ ಕೊಟ್ಟು, ಅದೇ ಜಾಗದಲ್ಲಿ ಕೂತು, ಅದೇ ಚಾಕು ತೆಗೆದುಕೊಂಡು, ತಾತ ಅರ್ಧ ಹೆಚ್ಚಿದ್ದ ನನ್ನ ಸೌತೆಕಾಯಿಯ ಉಳಿದ ಅರ್ಧ ಹೆಚ್ಚಿ ಕೊಟ್ಟರು. ಇಬ್ಬರ ನಡುವೆ ಮಾತೇ ಇಲ್ಲ. ತಾತ ಬಂಡೆಯ ಹಿಂದೆ ಹೋಗಿ ರೊಟ್ಟಿ ಬಿಚ್ಚಿಕೊಂಡು ನೆಮ್ಮದಿಯಾಗಿ ಊಟಕ್ಕೆ ಕೂತರು.

"ದಿನಾ ಹಿಂಗೇನಾ ಅಜ್ಜಿ?" ಅಂದೆ.

"ಮತ್ತಿನ್ನೇನಪ್ಪ? ಅವ್ರು ಉಣ್ಣೋಗಂಟ ನಾ ಕುಂದುರ್ತೀನಿ. ಬುಟ್ಟಿ ಬಿಟ್ರೆ ಕೋತಿ ಬಿಡ್ತಾವಾ?"

ನಾನು ಕೈಯಲ್ಲಿ ಸೌತೆಕಾಯಿ ಹಿಡಿದು ಕಲ್ಲಿನ ಹಾಗೆ ನಿಂತೆ. ಮುಳ್ಳು ಮತ್ತೆ ಚುಚ್ಚಿತು, ಈ ಸಲ ಆಳಕ್ಕೆ.

ಚಿಕ್ಕಂದಿನಿಂದ ಓಬವ್ವನ ಕಥೆಯಲ್ಲಿ ನಾನು ಒನಕೆಯನ್ನೇ ನೋಡಿದ್ದೆ. ಊಟವನ್ನು ನೋಡಿರಲೇ ಇಲ್ಲ! ಮುದ್ದ ಹನುಮ ಊಟಕ್ಕೆ ಹೋದದ್ದು ತಪ್ಪೇ? ಖಂಡಿತ ಅಲ್ಲ. ಹೊಟ್ಟೆ ಹಸಿದ ಕಾವಲುಗಾರನ ಕಣ್ಣು ಮಂಜಾಗುತ್ತದೆ. ಐದು ಗಂಟೆ ದುಡಿದವನಿಗೆ ಅರ್ಧ ಗಂಟೆ ಬಿಡುವು, ವಾರಕ್ಕೆ ಒಂದು ರಜೆ ಅಂತ ನಮ್ಮ ದೇಶದಲ್ಲಿ 1948ರ ಕಾರ್ಖಾನೆ ಕಾಯಿದೆಯೇ ಬರೆಯಿತು. ಬಿಡುವು ಯಾರೂ ಕೊಡುವ ಭಿಕ್ಷೆಯಲ್ಲ, ದುಡಿದವನ ಹಕ್ಕು. ಆದರೆ ಆ ಬಿಡುವಿನ ಹೊತ್ತಿನಲ್ಲಿ ಕಿಂಡಿ ಮುಚ್ಚಿಕೊಳ್ಳುವುದಿಲ್ಲ, ಮೆಷಿನ್ ನಿಲ್ಲುವುದಿಲ್ಲ, ಕೋತಿ ಬುಟ್ಟಿ ಬಿಡುವುದಿಲ್ಲ. ಒಬ್ಬ ಉಣ್ಣಬೇಕಾದರೆ ಇನ್ನೊಬ್ಬ ನಿಲ್ಲಬೇಕು. ಅಜ್ಜಿ ತಾನಾಗಿ ಬಂದು ಕೂತರು, ಓಬವ್ವ ತಾನಾಗಿ ನಿಂತಳು. ನಮ್ಮ ಅಣ್ಣ? ಅವರನ್ನು ಕೇಳದೆ, ಹೇಳದೆ, ಒಂದು ಸುಳ್ಳು ಜ್ವರದಿಂದ ನಾನು ಕಿಂಡಿಯ ಮುಂದೆ ನಿಲ್ಲಿಸಿ ಬಂದಿದ್ದೆ. ಅದೂ ಯಾವ ದಿನ? ಅವರ ಮಗಳು ಓಬವ್ವನಾಗಿ ಒನಕೆ ಎತ್ತುವ ದಿನ!

ಸೌತೆಕಾಯಿಗೆ ಖಾರ ಜಾಸ್ತಿಯಾಗಿತ್ತು. ಕಣ್ಣಲ್ಲಿ ನೀರು ಬಂದದ್ದು ಅದಕ್ಕೇ ಅಂತ ಅಜ್ಜಿ ಅಂದುಕೊಂಡಿರಬೇಕು.

ಬಂಡೆಯ ಮೇಲೆ ಒಂದು ಆಸೆ

ಮಧ್ಯಾಹ್ನ ಮೂರರ ಮೇಲೆ ತುಪ್ಪದ ಕೊಳದ ಕಡೆ ಹತ್ತಿದೆ. ಬಂಡೆಯಲ್ಲೇ ಕೊರೆದ ಮೆಟ್ಟಿಲು. ಕೆಳಗೆ ನೋಡಿದರೆ ತಲೆ ಸುತ್ತು, ಮೇಲೆ ನೋಡಿದರೆ ಉತ್ಸಾಹ. ತುದಿಗೆ ಹೋದರೆ ಇಡೀ ದುರ್ಗ ಅಂಗೈಯಲ್ಲಿ. ಸುತ್ತಲೂ ಕೋಟೆ ಗೋಡೆಯ ಸಾಲು, ಆಚೆ ಊರು, ಅದರಾಚೆ ಬೆಟ್ಟಗಳ ಮೇಲೆ ಗಾಳಿಯಂತ್ರಗಳು ನಿಧಾನವಾಗಿ ತಿರುಗುತ್ತಿದ್ದವು. ಅವುಗಳಿಗೂ ವೀಕ್ಲಿ ಆಫ್ ಇಲ್ಲ ಪಾಪ. ಎರಡು ಬೆರಳು ಬಾಯಿಗಿಟ್ಟು ಒಂದು ಶಿಳ್ಳೆ ಹೊಡೆದೆ. ಆರು ವರ್ಷದ ಹರಕೆ ತೀರಿತು! ಬಂಡೆಗಳು ಅದನ್ನು ತಿರುಗಿಸಿ ನನಗೇ ಕೊಟ್ಟವು.

ಅಲ್ಲಿ ಕೂತು ಚಿತ್ರದ ಕೊನೆ ನೆನೆದೆ. ರಾಮಾಚಾರಿಯ ಸಿಟ್ಟು, ಚಾಮಯ್ಯ ಮೇಷ್ಟ್ರಾಗಿ ಕೆ.ಎಸ್. ಅಶ್ವಥ್. ತನ್ನನ್ನು ಜಗತ್ತಿನಲ್ಲಿ ಎಲ್ಲರಿಗಿಂತ ಹೆಚ್ಚು ನಂಬಿದ ಮನುಷ್ಯನನ್ನೇ ರಾಮಾಚಾರಿ ತಿಳಿಯದೆ ಬಂಡೆಯಿಂದ ದೂಡುತ್ತಾನೆ. ಥಿಯೇಟರಿನಲ್ಲಿ ಮೂರು ಸಲ ಅತ್ತಿದ್ದೆ. ಆದರೆ ಯಾರನ್ನು ನೆನೆದು ಅಳಬೇಕಾಗಿತ್ತು ಅಂತ ಅವತ್ತು ಗೊತ್ತಿರಲಿಲ್ಲ.

ಇನ್ನೊಂದು ಮಾತೂ ಹೊಳೆಯಿತು. ನಮಗೆ ಮೋಜಾದ ಆ ಮೂರು ಗಂಟೆ ಪುಟ್ಟಣ್ಣನವರಿಗೆ, ವಿಷ್ಣುವರ್ಧನರಿಗೆ ಡ್ಯೂಟಿ. ಈ ಮೆಟ್ಟಿಲ ಮೇಲೆ ಕ್ಯಾಮೆರಾ ಮತ್ತು ಪೆಟ್ಟಿಗೆಗಳನ್ನು ಯಾರೋ ತಲೆಯ ಮೇಲೆ ಹೊತ್ತು ತಂದಿರಲೇಬೇಕಲ್ಲ? ಅವರ ಹೆಸರು ಯಾವ ಪೋಸ್ಟರಿನಲ್ಲೂ ಇಲ್ಲ. ಪುಟ್ಟಣ್ಣ 1985ರಲ್ಲಿ, ವಿಷ್ಣು 2009ರಲ್ಲಿ, ಅಶ್ವಥ್ 2010ರಲ್ಲಿ, ಅಂಬರೀಶ್ 2018ರಲ್ಲಿ, ಜಯಂತಿ 2021ರಲ್ಲಿ ನಮ್ಮನ್ನು ಬಿಟ್ಟು ಹೋದರು. ಅವರ ಶಿಫ್ಟ್ ಮುಗಿಯಿತು. ಅವರು ಮಾಡಿದ ಕೆಲಸ ಮಾತ್ರ ಇನ್ನೂ ನಮಗೆ ಮೋಜು ಕೊಡುತ್ತಲೇ ಇದೆ.

ಇಳಿಯುವಾಗ ದಾವಣಗೆರೆಯ ಐದಾರು ಹುಡುಗರು ಸಿಕ್ಕರು. ಮೊಬೈಲಿನಲ್ಲೇ ಕಿರುಚಿತ್ರ ತೆಗೆಯುತ್ತಿದ್ದಾರೆ. ನನ್ನ ಮೀಸೆ ನೋಡಿದವನೇ ಅವರ ಡೈರೆಕ್ಟರ್, "ಅಣ್ಣಾ, ನಮಗೊಬ್ಬ ವಿಲನ್ ಬೇಕು, ನಿಮ್ಮ ಮುಖ ಕರೆಕ್ಟಾಗಿದೆ!" ಅಂದ. ಹೊಗಳಿಕೆಯೋ ಬೈಗುಳವೋ ತಿಳಿಯಲಿಲ್ಲ. ಆದರೂ ನಾಲ್ಕು ಗುದ್ದು ತಿಂದು ಎರಡು ಸಲ ಬಿದ್ದೆ. ಎಂಥ ಮಜಾ ಅಂತೀರಿ! ಜೀವನದಲ್ಲಿ ಮೊದಲ ಬಾರಿಗೆ ಯಾರೋ ನನಗೆ "ಆಕ್ಷನ್" ಅಂದರು.

"ಇನ್ನೊಂದೇ ಸೀನ್ ಅಣ್ಣಾ. ಚಂದ್ರವಳ್ಳಿ ಕೆರೆ ಹತ್ರ, ಸೂರ್ಯ ಮುಳುಗೋವಾಗ. ಆಮೇಲೆ ಸೀದಾ ದಾವಣಗೆರೆ, ಬೆಣ್ಣೆ ದೋಸೆ, ಸೆಕೆಂಡ್ ಶೋ. ಬೆಳಿಗ್ಗೆ ನಾವೇ ನಿಮ್ಮನ್ನ ಬಸ್ ಹತ್ತಿಸ್ತೀವಿ."

ನನ್ನ ಬಾಯಲ್ಲಿ ನೀರು, ಎದೆಯಲ್ಲಿ ಡೋಲು! ಇಂಥ ಸಂಜೆ ಮತ್ತೆ ಬರುತ್ತದೆಯೇ? ಆಮೇಲೆ ಎಷ್ಟು ದಿನ ಆ ಎಣ್ಣೆ ವಾಸನೆಯ ಮೆಷಿನ್ ಮುಂದೆ ನಿಲ್ಲಬೇಕು! ಕೈ ತಾನಾಗಿಯೇ ಮೊಬೈಲಿಗೆ ಹೋಯಿತು. ಸೂಪರ್‌ವೈಸರಿಗೆ ಮೆಸೇಜು: "ಸಾರ್, ಜ್ವರ..." ಅಂತ ಟೈಪ್ ಮಾಡಿದ್ದೂ ಆಯಿತು.

ಆಗ ಲೆಕ್ಕ ಹಾಕಿದೆ. ಈ ಭಾನುವಾರ ರಾತ್ರಿ ಹತ್ತಕ್ಕೆ ಮೆಷಿನ್ ಮುಂದೆ ನಿಲ್ಲುವವರು ಯಾರು? ಅಣ್ಣ. ಸೋಮವಾರ ಬೆಳಿಗ್ಗೆ ಆರಕ್ಕೆ ಅವರ ರಿಲೀವರ್ ಯಾರು? ನಾನು.

ಮೆಸೇಜು ಅಳಿಸಿದೆ. "ಇಲ್ಲ ಕಣ್ರಪ್ಪಾ, ನಂಗೆ ಬೆಳಿಗ್ಗೆ ಡ್ಯೂಟಿ ಇದೆ. ವಿಲನ್‌ನ ಇಲ್ಲೇ ಸಾಯಿಸಿಬಿಡಿ" ಅಂದೆ. ಹುಡುಗರು ಗೊಳ್ಳೆಂದು ನಕ್ಕರು. ಒಳ್ಳೆಯವರು ಪಾಪ, ಬಲವಂತ ಮಾಡಲಿಲ್ಲ. ಕಥೆ ಬದಲಾಯಿಸಿ, ಬಂಡೆಯ ನೆರಳಿನಲ್ಲಿ ನನ್ನನ್ನು ಚೆನ್ನಾಗಿಯೇ ಸಾಯಿಸಿ, ಕೆಳಗೆ ಇಳಿದ ಮೇಲೆ ಖಾರ ಮಂಡಕ್ಕಿ, ಮಿರ್ಚಿ ಕೊಡಿಸಿ ಕಳಿಸಿದರು.

ನಿಜ ಹೇಳುತ್ತೇನೆ ಗೆಳೆಯರೇ. ಬಸ್ಸು ಹತ್ತಿದಾಗ ಬೇಜಾರು ಇತ್ತು. ಹಿರಿಯೂರು ಬರುವವರೆಗೂ ಬೆಣ್ಣೆ ದೋಸೆ ಕಣ್ಣ ಮುಂದೆ ಕುಣಿಯುತ್ತಿತ್ತು. ಕರ್ತವ್ಯ ಮಾಡಿದ ತಕ್ಷಣ ಮನಸ್ಸು ಹಗುರಾಗುತ್ತದೆ ಅಂತ ಪುಸ್ತಕದಲ್ಲಿ ಬರೆಯುತ್ತಾರೆ. ನನಗೆ ಹಾಗೇನೂ ಆಗಲಿಲ್ಲ. ಆದರೆ ಹಿರಿಯೂರು ದಾಟಿದ ಮೇಲೆ ನಿದ್ದೆ ಬಂತು. ಎಂಥ ನಿದ್ದೆ! ಗೊರಗುಂಟೆಪಾಳ್ಯದಲ್ಲಿ ಕಂಡಕ್ಟರ್ ಎಬ್ಬಿಸಬೇಕಾಯಿತು. ಆ ಜ್ವರದ ಶುಕ್ರವಾರದ ರಾತ್ರಿ, ಅಷ್ಟು ಕುಣಿದು ದಣಿದಿದ್ದರೂ, ನಾನು ಸರಿಯಾಗಿ ಮಲಗಿರಲಿಲ್ಲ. ಎಲ್ಲಿ ಸಿಕ್ಕಿಬೀಳುತ್ತೇನೋ ಅಂತ ಹೊರಳಾಡಿದ್ದೆ. ಎರಡೂ ಮೋಜೇ. ಒಂದು ನನ್ನದು, ಒಂದು ಕದ್ದದ್ದು. ವ್ಯತ್ಯಾಸ ನಿದ್ದೆಯಲ್ಲಿ ಗೊತ್ತಾಯಿತು.

ಹೋಗುವವರಿಗೆ ಎರಡು ಮಾತು

ದುರ್ಗಕ್ಕೆ ಬೆಂಗಳೂರಿನಿಂದ ಹಗಲೂ ರಾತ್ರಿ ಬಸ್ಸುಗಳಿವೆ. ದಾವಣಗೆರೆ, ಹುಬ್ಬಳ್ಳಿ ಕಡೆಯ ಅನೇಕ ಬಸ್ಸುಗಳೂ ಅದೇ ದಾರಿ. ಕೋಟೆಗೆ ಬೆಳಿಗ್ಗೆಯೇ ಹೋಗಿ. ಮಧ್ಯಾಹ್ನ ಬಂಡೆ ಕಾಯ್ದ ಹೆಂಚಿನಂತಾಗುತ್ತದೆ. ನೀರಿನ ಬಾಟಲಿ, ಜಾರದ ಚಪ್ಪಲಿ ಅಥವಾ ಶೂ ಇರಲಿ. ಸಮಯವಿದ್ದರೆ ಚಂದ್ರವಳ್ಳಿಯನ್ನೂ ನೋಡಿ. ಕದಂಬರ ಮಯೂರಶರ್ಮನ ಶಾಸನ ಸಿಕ್ಕಿದ ಜಾಗ ಅದು, ಕೆರೆಯೂ ಚೆಂದ. ರಾಮಾಚಾರಿಯ ಹಾಗೆ ಬಂಡೆಯ ಅಂಚಿಗೆ ಹೋಗಿ ಫೋಟೋ ತೆಗೆಸಿಕೊಳ್ಳುವ ಸಾಹಸ ಬೇಡ. ಅವರಿಗೆ ಡೈರೆಕ್ಟರ್ ಕಟ್ ಹೇಳುತ್ತಿದ್ದರು. ನಿಮಗೆ ಹೇಳುವವರು ಯಾರು? ಹಾಗೆಯೇ ಕೋಟೆಯ ಗೋಡೆಯ ಮೇಲೆ ನಿಮ್ಮ ಹೆಸರು, ನಿಮ್ಮ ಹುಡುಗಿಯ ಹೆಸರು ಕೆತ್ತಬೇಡಿ. ಕಲ್ಲು ಉಳಿಯುತ್ತದೆ, ಹುಡುಗಿ ಉಳಿಯುತ್ತಾಳೋ ಇಲ್ಲವೋ!

ಮುಖ್ಯವಾಗಿ, ನಿಮ್ಮ ಆಫ್ ದಿನವೇ ಹೋಗಿ. ಆಫ್ ಇಲ್ಲದಿದ್ದರೆ ಜೊತೆಯವನನ್ನು ಬಾಯಿಬಿಟ್ಟು ಕೇಳಿ. "ಈ ಶಿಫ್ಟ್ ನೀನು ನೋಡ್ಕೋ ಮಾರಾಯ, ಮುಂದಿನದು ನಾನು ನೋಡ್ಕೋತೀನಿ" ಅಂದರೆ ಇಲ್ಲ ಅನ್ನುವವರು ಕಡಿಮೆ. ಕೇಳಲು ನಾಚಿಕೆ, ಕದಿಯಲು ನಾಚಿಕೆಯಿಲ್ಲ. ಅದು ನನ್ನ ರೋಗವಾಗಿತ್ತು. ನಿಮಗೆ ಅಂಟುವುದು ಬೇಡ.

ಮತ್ತೆ ನವೆಂಬರ್

ಸೋಮವಾರ ಬೆಳಿಗ್ಗೆ ಐದು ಮುಕ್ಕಾಲಿಗೇ ಮೆಷಿನ್ ಮುಂದೆ ನಿಂತಿದ್ದೆ. ಅಣ್ಣ ಕಣ್ಣರಳಿಸಿದರು.

"ಏನಪ್ಪ, ಕಾಲು ಗಂಟೆ ಮುಂಚೇನೇ? ದುರ್ಗಕ್ಕೆ ಹೋಗಿರ್ಲಿಲ್ವಾ?"

"ಹೋಗಿದ್ದೆ ಅಣ್ಣ" ಅಂದೆ. ಹನ್ನೊಂದು ತಿಂಗಳಿಂದ ಗಂಟಲಲ್ಲಿ ಸಿಕ್ಕಿಕೊಂಡಿದ್ದದ್ದು ಅವತ್ತು ಹೊರಗೆ ಬಂತು. "ಹೋದ ವರ್ಷ ನಂಗೆ ಜ್ವ..." ಅನ್ನುವಷ್ಟರಲ್ಲಿ ಅವರು, "ಗೊತ್ತೈತಿ ಬಿಡು" ಅಂದರು.

"ಬಿಡಲ್ಲ ಅಣ್ಣ. ಈ ವರ್ಷ ಪಾಪು ಶಾಲೇಲಿ ಪ್ರೋಗ್ರಾಮ್ ಯಾವತ್ತು ಅಂತ ಮೊದಲೇ ಹೇಳಿ. ಅವತ್ತು ನಿಮ್ಮ ಶಿಫ್ಟ್ ನಂದು. ಸೂಪರ್‌ವೈಸರಿಗೆ ನಾನೇ ಹೇಳ್ತೀನಿ."

ಅಣ್ಣ ಬಟ್ಟೆಯಲ್ಲಿ ಕೈ ಒರೆಸಿಕೊಳ್ಳುತ್ತಾ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, "ಟೂಲ್ ಸ್ವಲ್ಪ ಸವೆದೈತಿ, ನೋಡ್ಕಂಡು ಓಡ್ಸು" ಅಂದು ಹೋದರು.

ನವೆಂಬರ್ ಬಂತು. ಹಿಂದಿನ ಸಂಜೆಯೇ ಅಣ್ಣನನ್ನು ಬಸ್ಸು ಹತ್ತಿಸಿ, ಅವರ ನೈಟ್ ಶಿಫ್ಟಿಗೆ ನಾನು ನಿಂತೆ. ಅದರ ಹಿಂದೆಯೇ ನನ್ನ ಫಸ್ಟ್ ಶಿಫ್ಟ್. ಹದಿನಾರು ಗಂಟೆ. ಬೆಳಗಿನ ಜಾವ ನಾಲ್ಕಕ್ಕೆ ಕಾಲು ಕಂಬವಾದವು, ಕಣ್ಣಿಗೆ ಮರಳು ಸುರಿದ ಹಾಗೆ. ಮಧ್ಯಾಹ್ನ ಎರಡಾಗುವ ಹೊತ್ತಿಗೆ ಗಡಿಯಾರದ ಮುಳ್ಳೇ ನಿದ್ದೆ ಹೋಯಿತೇನೋ ಅನ್ನಿಸಿತು. ಅಣ್ಣ ಹೋದ ವರ್ಷ ಹೇಗೆ ನಿಂತಿರಬಹುದು ಅಂತ ಆಗ ಕಾಲಿಗೆ ಗೊತ್ತಾಯಿತು. ಅವರು ನಿಂತದ್ದು ಬಯಸದೆ. ನಾನು ನಿಂತದ್ದು ಬಯಸಿ. ಆದರೂ ಇಷ್ಟು ಕಷ್ಟ.

ಸಂಜೆ ನಾಲ್ಕಕ್ಕೆ ಮೊಬೈಲಿಗೆ ಒಂದು ಫೋಟೋ ಬಂತು. ಕಚ್ಚೆ ಸೀರೆ ಉಟ್ಟು, ಹಣೆಗೆ ದೊಡ್ಡ ಕುಂಕುಮ ಇಟ್ಟ ಪುಟ್ಟ ಓಬವ್ವ. ಕೈಯಲ್ಲಿ ಅವಳಿಗಿಂತ ಎತ್ತರದ ಒನಕೆ. ಹಿಂದೆ ಅರ್ಧ ಮಾತ್ರ ಕಾಣುವ ಹಾಗೆ ಅಣ್ಣ, ಬಾಯಿ ತುಂಬಾ ನಗು. ಏಳು ವರ್ಷದಲ್ಲಿ ಆ ಮನುಷ್ಯ ಹೀಗೆ ನಕ್ಕದ್ದನ್ನು ನಾನು ನೋಡಿರಲಿಲ್ಲ.

ಮರುದಿನ ಅವರು ಡ್ಯೂಟಿಗೆ ಬಂದಾಗ ಮೆಷಿನ್ ಒರೆಸುತ್ತಾ ಕೇಳಿದೆ.

"ಪ್ರೋಗ್ರಾಮ್ ಹೆಂಗಿತ್ತಣ್ಣ?"

"ಸೂಪರ್" ಅಂದರು ಅಣ್ಣ. ಬ್ಯಾಗಿನಿಂದ ಒಂದು ಪೊಟ್ಟಣ ತೆಗೆದು ನನ್ನ ಕೈಗಿಟ್ಟರು. ಬಿಚ್ಚಿ ನೋಡಿದರೆ ರೊಟ್ಟಿ, ಶೇಂಗಾ ಚಟ್ನಿ. "ಮನೇಲಿ ಕಟ್ಟಿ ಕಳ್ಸ್ಯಾರೆ. ಹೋಗಿ ತಿನ್ನಪ್ಪ. ಅಲ್ಲಿಗಂಟ ಮೆಷಿನ್ ನಾನ್ ನೋಡ್ತೀನಿ."